ಬೂಚು ಬಿಚ್ಚದೆ ಬಂದವನು

ಜೀಪಿನ ಕೆಳಗೆ ಅಂಗಾತ ಮಲಗಿದ್ದ ಅನಂತ ಗಲಗಲಿಗೆ, ಬಂದವನ ಮುಖ ಕಾಣಲಿಲ್ಲ. ಕಂಡದ್ದು ಎರಡು ಪಾದ, ಎಣ್ಣೆ ತಿಕ್ಕಿ ಮಿಂಚಿಸಿದ ಕೊಲ್ಹಾಪುರಿ ಚಪ್ಪಲಿ, ಅದರ ಮೇಲೆ ಬಿಳಿ ಧೋತರದ ಅಂಚು. ಪಾದಗಳು ಗ್ಯಾರೇಜಿನ ಬಾಗಿಲಿನಿಂದ ನೆಟ್ಟಗೆ ನಡೆದು ಬಂದು ಜ್ಯಾಕಿನ ಪಕ್ಕದಲ್ಲಿ ನಿಂತವು.

ಅನಂತ ಉಸಿರು ಬಿಗಿಹಿಡಿದ. ಗ್ಯಾರೇಜಿನವರು ಜೀಪಿನ ಮುಂದಿನ ಎಡಗಾಲಿ ಬಿಚ್ಚಿ ಗೋಡೆಗೆ ಒರಗಿಸಿ ಊಟಕ್ಕೆ ಹೋಗಿದ್ದರು. ಮುಂಭಾಗದ ಭಾರವೆಲ್ಲ ಆ ಒಂದು ಜ್ಯಾಕಿನ ಮೇಲಿತ್ತು, ಅವನ ಎದೆ ಅದರ ಕೆಳಗಿತ್ತು.

"ಸರ್ವೇಯರ್ ಸಾಹೇಬ್ರ," ಎಂದಿತು ಮೇಲಿನ ದನಿ. "ಇನ್ನೂ ಎಷ್ಟೊತ್ತು ಮಲಗಾವ್ರು? ಕ್ಲಚ್ ಪ್ಲೇಟ್ ಸುಟ್ಟದ ಅಂತ ಬರದು ಕೊಟ್ಟು ಹೋಗ್ರಿ. ಗಾಡಿ ತೊಳಿಸಿ ಮನಿಗೆ ಒಯ್ಯಬೇಕು ನಾ."

ದನಿ ಸಾತಲಿಂಗಪ್ಪನದು. ಕೊಲೆಯಾದ ಮಲ್ಲಿಕಾರ್ಜುನ ಶೇಟರ ಭಾಗೀದಾರ ಅವನು. ಶೇಟರು ಕರಜಗಿ ಹಾದಿಯ ಹಳ್ಳದ ಕೆಸರಿನಲ್ಲಿ ತಲೆಯೊಡೆದು ಬಿದ್ದಿದ್ದರು, ಅವರ ಜೀಪು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಕ್ಲಚ್ಚು ಸುಟ್ಟು ನಿಂತಿತ್ತು, ಅವರ ಡ್ರೈವರ್ ರಾಚಪ್ಪ ಲಾಕಪ್ಪಿನಲ್ಲಿ ಲಾಠಿ ತಿನ್ನುತ್ತಿದ್ದ.

ಅನಂತ ಮೋಟಾರು ವಿಮೆಯ ಸರ್ವೇಯರು. ಜಖಂ ಆದ ಗಾಡಿಗಳ ಹೊಟ್ಟೆಯ ಕೆಳಗೆ ತೂರಿ, ಮಾಲಿಕ ಹೇಳಿದ್ದರಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂದು ಬರೆದುಕೊಡುವುದು ಅವನ ನೌಕರಿ. ಆ ಹಾದಿಯಲ್ಲೇ ಒಂದೆರಡು ಖೂನಿಗಳೂ ಅವನ ಕೈಯಲ್ಲಿ ಬಯಲಾಗಿದ್ದವು. ಅದಕ್ಕೇ ಠಾಣೆಯ ಫೌಜದಾರ ಅಣ್ಣಾರಾಯನಿಗೆ ಅವನ ಮೇಲೆ ಅರ್ಧ ಗೌರವ, ಅರ್ಧ ಹೊಟ್ಟೆಕಿಚ್ಚು. ಹೆಂಡತಿ ವೇಣೂಬಾಯಿಗೆ ಆ ಅರ್ಧ ಗೌರವವೂ ಇರಲಿಲ್ಲ. "ಮೋಟಾರಿನ ಬುಡಕs ಸಂಸಾರ ಮಾಡಾವ್ರು, ನನ್ನ ಯಾಕ ಲಗ್ನಾದ್ರಿ?" ಎಂದು ಅವನ ಪ್ಯಾಂಟಿನ ಎಣ್ಣೆಕಲೆ ತಿಕ್ಕುತ್ತ ಕೇಳುತ್ತಿದ್ದಳು.

ಇವತ್ತು ಬೆಳಿಗ್ಗೆ ಆ ವೇಣೂಬಾಯಿಯೇ ಅವನನ್ನು ಎಬ್ಬಿಸಿ, "ಬಾಗಿಲಾಗ ಒಬ್ಬಾಕಿ ಕೂತಾಳ, ಚಹಾ ಕೊಟ್ರ ಒಲ್ಲೆ ಅಂತಾಳ, ಎದ್ದು ನೋಡ್ರಿ" ಎಂದಿದ್ದಳು. ರಾಚಪ್ಪನ ಹೆಂಡತಿ ರತ್ನಾಬಾಯಿ ಕರಜಗಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಅಳಲಿಲ್ಲ, ಕಾಲು ಹಿಡಿಯಲಿಲ್ಲ.

"ನಮ್ಮವರು ಕೊಂದಿಲ್ರಿ. ಗಾಡಿ ನೋಡ್ರಿ ನೀವು. ಕ್ಲಚ್ಚಿನ ಡಬ್ಬಿ ಬುಡಕ ಬೂಚ್ ಹಂಗs ಅದ, ಅದನ್ನ ನೋಡ್ರಿ. ಸಂಜಿಗೆ ಗಾಡಿ ಸಾತಲಿಂಗಪ್ಪಗ ಕೊಡ್ತಾರಂತ. ತೊಳದ್ರ ಎಲ್ಲಾ ಹೋತು."

ಅವಳು ಹೇಳಿದ್ದು ಅಷ್ಟೇ. ರಾಚಪ್ಪನಂತೂ ಅಷ್ಟನ್ನೂ ಹೇಳಿರಲಿಲ್ಲ. ಬೆನ್ನಿನ ಚರ್ಮ ಸುಲಿದರೂ 'ನಾ ಮಾಡಿಲ್ಲ' ಎಂಬ ಮಾತು ಸಹ ಅವನ ಬಾಯಿಂದ ಬಂದಿರಲಿಲ್ಲ. ತಪ್ಪು ಮಾಡದವನು ಹಾಗೆ ಸುಮ್ಮನಿರುತ್ತಾನೆಯೇ ಎಂದು ಅಣ್ಣಾರಾಯ ಕೇಳಿದ್ದ. ಆದರೂ ಅನಂತ ರತ್ನಾಬಾಯಿಗೆ, "ನಿನ್ನ ಗಂಡನ್ನ ಬಿಡಿಸಿಕೊಂಡು ಬರ್ತೀನಿ, ತಂಗಿ" ಎಂದು ಮಾತು ಕೊಟ್ಟುಬಿಟ್ಟಿದ್ದ. ಈಗ ಅವಳು ಗ್ಯಾರೇಜಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು.

ಬೂಚು ಅವನ ಮೂಗಿನ ನೇರಕ್ಕೇ ಮೇಲಿತ್ತು.

ಜೀಪಿನ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ಚು ಕೂಡುವ ಕಬ್ಬಿಣದ ಡಬ್ಬಿ ಇರುತ್ತದೆ. ಡಬ್ಬಿಯ ತಳದಲ್ಲಿ ಒಂದು ತೂತು. ಹಳೆಯ ಎಂಜಿನ್ನು ಸೋರಿಸಿದ ಎಣ್ಣೆ ಆ ತೂತಿನಿಂದ ತೊಟ್ಟಿಕ್ಕಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಕ್ಲಚ್ ಪ್ಲೇಟು ಎಣ್ಣೆಯಲ್ಲಿ ನೆನೆದು ಜಾರತೊಡಗುತ್ತದೆ. ಆದರೆ ಕೆಸರಿಗೆ ಇಳಿದಾಗ ಅದೇ ತೂತಿನಿಂದ ಕೆಸರು ಒಳಗೆ ನುಗ್ಗುತ್ತದೆ. ಅಕ್ಕಲಕೋಟೆಯ ಕಡೆಯ ಕರಿಮಣ್ಣು ಮಳೆಗಾಲದಲ್ಲಿ ಬರೀ ಅಂಟು, ಒಮ್ಮೆ ಒಳಗೆ ಹೊಕ್ಕು ಒಣಗಿತೆಂದರೆ ಪ್ಲೇಟನ್ನು ಉಳಿ ಹಾಕಿ ಎಬ್ಬಿಸಬೇಕು. ಆದ್ದರಿಂದ ಹಳ್ಳಕ್ಕೆ ಇಳಿಯುವ ಮುನ್ನ ತೂತಿಗೆ ಬೂಚು ಹೊಡೆಯಬೇಕು, ದಾಟಿದ ಮೇಲೆ ಕೀಳಬೇಕು. ಕೆಸರಿಗೆ ಮುಚ್ಚು, ಡಾಂಬರಿಗೆ ಬಿಚ್ಚು ಎಂಬುದು ಆ ನಾಡಿನ ಡ್ರೈವರುಗಳ ಮಾತು.

ರಾಚಪ್ಪನ ಬೂಚು ಜಾಲಿ ಕಟ್ಟಿಗೆಯದು, ಅವನೇ ಕೆತ್ತಿದ್ದು. ಸ್ಟೇರಿಂಗಿನ ದಂಡಿಗೆ ದಾರ ಕಟ್ಟಿ ತೂಗುಬಿಟ್ಟಿರುತ್ತಿದ್ದ. ಗ್ಯಾರೇಜಿನವರು ಅದನ್ನು ರಾಚಪ್ಪನ ತಾಯತ ಎಂದು ಕಾಡುತ್ತಿದ್ದರು. ಸವೆದು ಸಣ್ಣದಾಗಿದ್ದರಿಂದ ಔಡಲೆಣ್ಣೆಯಲ್ಲಿ ನೆನೆಸಿದ ಗೋಣಿಯ ಚೂರು ಸುತ್ತಿ ಬಿಗಿಯಾಗಿ ಹೊಡೆಯುತ್ತಿದ್ದ. ಹಳ್ಳ ದಾಟಿ ಡಾಂಬರು ಕಂಡೊಡನೆ, ಹಿಂದೆ ಯಾವ ಸಾಹುಕಾರ ಕೂತು ಗೊಣಗಿದರೂ ಸರಿ, ಇಳಿದು ಕಿತ್ತೇ ಮುಂದೆ ಹೊರಡುತ್ತಿದ್ದ.

ಅಂಥ ರಾಚಪ್ಪ ಕರಜಗಿಯಿಂದ ಸೊಲ್ಲಾಪುರದವರೆಗೆ ಬೂಚು ಬಿಚ್ಚದೆ ಬಂದನೆಂದರೆ ನಂಬುವುದು ಹೇಗೆ? ಹೊರಟಾಗ ಬೂಚು ಹಾಕಿದವನು ಬೇರೆ. ಹಿಂದಿರುಗುವಾಗ ಗಾಡಿ ನಡೆಸಿದವನು ಬೇರೆ, ಬೂಚಿನ ಸುದ್ದಿಯೇ ತಿಳಿಯದವನು. ಇಷ್ಟು ಅನಂತನಿಗೆ ಖಚಿತವಾಗಿತ್ತು.

"ಸಾತಲಿಂಗಪ್ಪನವರ," ಎಂದ ಮಲಗಿದಲ್ಲಿಂದಲೇ, "ಹಳ್ಳಕ್ಕ ಇಳಿಯೂ ಮೊದಲ ರಾಚಪ್ಪ ಗಾಡಿ ಕೆಳಗ ಹೊಕ್ಕು ಏನ ಮಾಡ್ತಿದ್ದ, ನೋಡೀರೇನು?"

"ನಾ ಯಾಕ ನೋಡ್ಲಿ? ಹಿಂದ ಕೂತು ವೀಳ್ಯಾ ಹಾಕ್ಕೊಳ್ಳಾಂವ ನಾ."

"ಮತ್ತ ಈ ಕ್ಲಚ್ ಹ್ಯಾಂಗ ಸುಟ್ಟೀತು ಅಂತೀರಿ?"

"ಹ್ಯಾಂಗಂದ್ರ? ಕೆಸರು ಹೊಕ್ಕು ಸುಡ್ತು. ಅಕ್ಕಲಕೋಟಿ ದಾಟೂತನಕ ಬರೋಬರಿ ಇತ್ತು. ಸೊಲ್ಲಾಪುರ ದಾಟಿ ವಿಜಾಪುರ ರಸ್ತಾದ ಏರಿಗೆ ಹತ್ತಿದ್ದs ತಡ, ಎಂಜಿನ್ ಒಂದs ಸವನ ಒದರತದ, ಗಾಡಿ ಮುಂದಕ ಹೋಗವಲ್ದು..."

ದನಿ ಅಲ್ಲಿಗೇ ಕತ್ತರಿಸಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಆ ಹೊತ್ತಿನಾಗ ನೀವು ಜ್ವರಾ ಬಂದು ಮನ್ಯಾಗ ಮಲಗಿದ್ರಿ," ಎಂದ ಅನಂತ. "ಪೋಲೀಸರಿಗೆ ಕೊಟ್ಟ ಜಬಾನಿಯೊಳಗ ಹಂಗ ಬರಸೀರಿ."

ಎದೆಯ ಮೇಲೆ ಜೀಪು ಇಟ್ಟುಕೊಂಡು ಇಂಥ ಮಾತು ಆಡಬಾರದಿತ್ತು. ಬುದ್ಧಿ ಬಹಳವಾದವರಿಗೆ ನಾಲಗೆ ಹಿಡಿತಕ್ಕೆ ಸಿಗುವುದಿಲ್ಲ, ವೇಣೂಬಾಯಿ ಇದನ್ನೂ ಎಷ್ಟೋ ಸಲ ಹೇಳಿದ್ದಳು.

ಕೊಲ್ಹಾಪುರಿ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು. ಮರುಕ್ಷಣ ಜ್ಯಾಕಿನ ನೆತ್ತಿಗೆ ಬಲವಾಗಿ ಒದೆಯಿತು.

ಜ್ಯಾಕು ವಾಲಿತು. ಅನಂತ ಬಲಕ್ಕೆ ಉರುಳಿದ, ಆದರೆ ಎಡಗೈ ಹಿಂದೆ ಉಳಿಯಿತು. ಬ್ರೇಕಿನ ಡ್ರಮ್ಮು ಅದರ ಮೇಲೆಯೇ ಇಳಿಯಿತು. ಬೆರಳುಗಳ ಎಲುಬು ಮುರಿದ ಸದ್ದು ಕಿವಿಗೆ ಮೊದಲು ತಲುಪಿತು, ನೋವು ಆಮೇಲೆ ಬಂತು. ಗ್ಯಾರೇಜಿನವರು ಆಕ್ಸಲಿನ ಕೆಳಗೆ ಒಂದು ಮರದ ತುಂಡು ಇಡದೇ ಹೋಗಿದ್ದರೆ ಅವನ ಪಕ್ಕೆಲುಬುಗಳೂ ಅಲ್ಲೇ ಪುಡಿಯಾಗುತ್ತಿದ್ದವು.

ಸಾತಲಿಂಗಪ್ಪ ಕುಕ್ಕರಗಾಲಿನಲ್ಲಿ ಕೂತು ಒಳಗೆ ಇಣುಕಿದ. ಆ ಮುಖ ಬೆವರಿನಲ್ಲಿ ತೊಯ್ದಿತ್ತು. ಕೈಯಲ್ಲಿ ಎಂಜಿನ್ನು ತಿರುವುವ ಕಬ್ಬಿಣದ ಹ್ಯಾಂಡಲ್ಲು. ಶೇಟರನ್ನು ಕೊಂದ ಹ್ಯಾಂಡಲ್ಲು ಠಾಣೆಯಲ್ಲಿ ಮುದ್ದೇಮಾಲಾಗಿ ಕೂತಿತ್ತು, ಇದು ಗ್ಯಾರೇಜಿನದು, ಅಂಥದೇ.

"ಯಾಕ ಕೊಂದ್ರಿ ಶೇಟರನ್ನ?" ಹಲ್ಲು ಕಚ್ಚಿಕೊಂಡು ಕೇಳಿದ ಅನಂತ.

ಹ್ಯಾಂಡಲ್ಲಿನ ತುದಿ ಅವನ ಪಕ್ಕೆಗೆ ತಿವಿಯಿತು. "ನಾ ಕೊಂದಿಲ್ಲಲೇ. ನಾ ಅಲ್ಲಿಗೆ ಮುಟ್ಟೂದರಾಗs ಅಂವ ಸತ್ತಿದ್ದ."

"ನೀ ಯಾಕ ಹೋಗಿದ್ದಿ ಅಲ್ಲಿಗೆ?"

"ಹೊಲಕ್ಕ ಬಾ, ಜಗಳ ಅಲ್ಲೇ ಹರಕೊಳ್ಳೂಣು ಅಂತ ಅವನs ಹೇಳಿ ಕಳಿಸಿದ್ದ. ಹಿಂದಿನ ದಿನ ಪ್ಯಾಟ್ಯಾಗ ನಾ ಅವನ ಕೊರಳಪಟ್ಟಿ ಹಿಡದಿದ್ದೆ, ಮಂದಿ ಎಲ್ಲಾ ನೋಡ್ಯಾರ. ಎಸ್‌ಟಿ ಬಸ್ಸು ಇಳದು ನಡಕೋತ ಹೋದ್ರ ಹಳ್ಳದ ದಂಡಿಗೆ ಗಾಡಿ ನಿಂತದ, ಇಂವ ಕೆಸರಾಗ ಬಕ್ಕಬಾರಲೆ ಬಿದ್ದಾನ. ನನ್ನ ಮಾತು ಯಾರು ನಂಬ್ತಿದ್ರು, ಹೇಳು ನೀನs."

"ಅದಕ್ಕ ಗಾಡಿ ತಂದು ವಿಜಾಪುರ ರಸ್ತಾದಾಗ ನಿಲ್ಲಿಸಿದಿ."

"ರಾಚ್ಯಾನ್ನ ಅಂವ ಅವತ್ತು ಭಂಡಾರಕವಠೆಗೆ ಕಳಿಸಿದ್ದ. ಅಲ್ಲಿಂದ ಬರೂ ರಸ್ತಾ ಅದs ಅಲ್ಲ? ಗಾಡಿ ಅಲ್ಲಿ ಸಿಕ್ರ ಪೋಲೀಸರು ಅವನ್ನs ಹಿಡೀತಾರ ಅಂತ ನಿಲ್ಲಿಸಿದೆ. ಹಿಡದ್ರು. ನಾ ಪಾರಾದೆ." ಸಾತಲಿಂಗಪ್ಪ ಮೂಗಿನ ಬೆವರು ತೋಳಿನಿಂದ ಒರೆಸಿಕೊಂಡ. "ಈಗ ನೀ ಬದುಕಿದ್ರ ಗಲ್ಲಿನ ಹಗ್ಗ ನನಗ. ಜ್ಯಾಕ್ ಜಾರಿ ಸರ್ವೇಯರ್ ಸತ್ತ ಅಂದ್ರ ಯಾರೂ ಏನೂ ಕೇಳೂದಿಲ್ಲ."

ಅವನು ಹ್ಯಾಂಡಲ್ಲು ಎತ್ತಿ ಮರದ ತುಂಡಿಗೆ ಬಾರಿಸಿದ. ತುಂಡು ಅಲುಗಿತು. ಮತ್ತೆ ಬಾರಿಸಿದ. ಜೀಪು ಅನಂತನ ಎದೆಯ ಕಡೆಗೆ ಇಷ್ಟಿಷ್ಟೇ ಇಳಿಯತೊಡಗಿತು.

ಅನಂತ ಬಲಗೈ ಚಾಚಿ ಬೂಚು ಹಿಡಿದ. ಅಲ್ಲಾಡಿಸಿ ಜಗ್ಗಿದ. ಜಾಲಿ ಕಟ್ಟಿಗೆ ಕೆಸರು ಕುಡಿದು ಉಬ್ಬಿತ್ತು, ಬಿಡಲೊಲ್ಲದು. ಮೂರನೆಯ ಏಟು ತುಂಡಿಗೆ ಬೀಳುವಷ್ಟರಲ್ಲಿ ಬೂಚು ಕಿತ್ತು ಬಂತು, ಅದರ ಹಿಂದೆ ಡಬ್ಬಿಯಲ್ಲಿ ನಿಂತಿದ್ದ ಕರಿ ಎಣ್ಣೆ ಅವನ ಕೊರಳ ಮೇಲೆ ಬುಳುಬುಳು ಸುರಿಯಿತು. ಬೂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅಂಗೈ ತುಂಬ ಎಣ್ಣೆ ಬಾಚಿ ಸಿಕ್ಕಿಬಿದ್ದ ಎಡಗೈಗೆ ಸವರಿದ. ಕಣ್ಣು ಮುಚ್ಚಿ ಜಗ್ಗಿದ. ಕೈ ಬಂತು. ಹಿಂಗೈಯ ಚರ್ಮ ಡ್ರಮ್ಮಿನ ಕೆಳಗೇ ಉಳಿಯಿತು.

ನಾಲ್ಕನೆಯ ಏಟಿಗೆ ತುಂಡು ಹಾರಿತು, ಜೀಪು ಧಡ್ಡನೆ ಕುಸಿಯಿತು. ಅಷ್ಟರಲ್ಲಿ ಅನಂತ ಇನ್ನೊಂದು ಮಗ್ಗುಲಿನಿಂದ ಹೊರಗೆ ಉರುಳಿದ್ದ.

ಸಾತಲಿಂಗಪ್ಪ ಜೀಪನ್ನು ಸುತ್ತಿ ಬಂದ. ಅನಂತ ಏಳಲಿಲ್ಲ, ಬಿದ್ದಲ್ಲಿಂದಲೇ ಅವನ ಮೊಣಕಾಲಿನ ಚಿಪ್ಪಿಗೆ ಎರಡೂ ಕಾಲು ಕೂಡಿಸಿ ಒದ್ದ. ಸಾತಲಿಂಗಪ್ಪ ಮುಗ್ಗರಿಸಿ ಬಂಪರಿಗೆ ಗದ್ದ ಬಡಿದುಕೊಂಡ. ಹಲ್ಲು ಮುರಿದು ಬಾಯಿ ತುಂಬ ರಕ್ತ. ಹ್ಯಾಂಡಲ್ಲು ಕೈಜಾರಿ ಬಾಗಿಲಿನತ್ತ ಉರುಳಿ ಹೋಯಿತು. ಆದರೆ ಅವನದು ಮೂಟೆ ಹೊತ್ತು ಬೆಳೆದ ಮೈ. ರಕ್ತ ಉಗುಳಿ, ಅನಂತನ ಎದೆಯ ಮೇಲೆ ಕೂತು, ಎರಡೂ ಹೆಬ್ಬೆರಳು ಅವನ ಗಂಟಲಿಗೆ ಒತ್ತಿದ.

ಅನಂತ ಬಲಗೈಯಿಂದ ಅವನ ಮುಖ ಪರಚಿದ. ಎಡಗೈಯಿಂದಲೂ ಹೊಡೆಯಲು ಹೋಗಿ ಮುರಿದ ಬೆರಳು ತಾಗಿ ಕಣ್ಣು ಕತ್ತಲೆ ಬಂತು. ಗ್ಯಾರೇಜಿನ ತಗಡಿನ ಸೂರು ತಿರುಗಿತು. ಸಾಯುತ್ತೇನೆ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು, ಭಯವಾಯಿತು, ವೇಣೂಬಾಯಿಯ ನೆನಪಾಯಿತು.

ಆಗ ತೆಂಗಿನಕಾಯಿ ಒಡೆದಂಥ ಸದ್ದು ಕೇಳಿಸಿತು. ಗಂಟಲಿನ ಬೆರಳುಗಳು ಸಡಿಲಾದವು. ಸಾತಲಿಂಗಪ್ಪ ಪಕ್ಕಕ್ಕೆ ವಾಲಿ ಉರುಳಿದ.

ಅವನ ಹಿಂದೆ ರತ್ನಾಬಾಯಿ ನಿಂತಿದ್ದಳು. ಕೈಯಲ್ಲಿ ಹ್ಯಾಂಡಲ್ಲಿತ್ತು.

"ಸತ್ತನೇನ್ರಿ?" ಎಂದಳು.

ಅನಂತ ಕೆಮ್ಮುತ್ತ, ತೆವಳುತ್ತ ಹೋಗಿ ಅವನ ಮೂಗಿನ ಬಳಿ ಕೈ ಹಿಡಿದ. "ಇಲ್ಲ. ಉಸಿರಾಡಾಕತ್ತಾನ."

"ಹಂಗಾರ ಆತು ಬಿಡ್ರಿ." ಹ್ಯಾಂಡಲ್ಲನ್ನು ಗೋಡೆಯ ಬಳಿ ಮೆಲ್ಲಗೆ ಇಟ್ಟಳು. "ಕೈ ಕೊಡ್ರಿ ಇಲ್ಲಿ."

ಅವಳು ಸೆರಗಿನ ಅಂಚು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು. ಹಸಿರು ಇಳಕಲ್ಲ ಸೀರೆ, ಕೆಂಪು ದಡಿ, ದಡಿಯ ನಡುವೆ ಹಳದಿ ಗೆರೆ. ಮುರಿದ ಬೆರಳುಗಳನ್ನು ಜೋಡಿಸಿ ಬಿಗಿಯಾಗಿ ಸುತ್ತಿದಳು. ಅನಂತ ನೋವಿಗೆ ನರಳುತ್ತ ಸಾತಲಿಂಗಪ್ಪನ ತಲೆ ನೋಡುತ್ತಿದ್ದ. ಏಟು ಬಿದ್ದದ್ದು ಎಡಗಿವಿಯ ಹಿಂದೆ, ಕೆಳಗಿನಿಂದ ಮೇಲಕ್ಕೆ. ಮಲ್ಲಿಕಾರ್ಜುನ ಶೇಟರ ಹೆಣದ ಮೇಲೂ ಗಾಯ ಅಲ್ಲೇ ಇತ್ತು, ಹಾಗೇ ಇತ್ತು.

ಅವನ ಕಣ್ಣು ನೆಲದ ಮೇಲೆ ಬೂಚು ಹುಡುಕಿತು.

ಬಾಯಿಂದ ಬಿದ್ದಿದ್ದ ಬೂಚು ಜೀಪಿನ ಪಕ್ಕದಲ್ಲೇ ಇತ್ತು. ಎತ್ತಿಕೊಂಡ. ಬಿಡಿಭಾಗ ತೊಳೆಯುವ ಸೀಮೆಎಣ್ಣೆಯ ತಟ್ಟೆ ಕೈಯಳತೆಯಲ್ಲಿತ್ತು, ಅದರಲ್ಲಿ ಅದ್ದಿ ಬಲಗೈ ಹೆಬ್ಬೆರಳಿನಿಂದ ತಿಕ್ಕಿದ. ಕೆಸರು ಬಿಟ್ಟಿತು, ಎಣ್ಣೆ ಬಿಟ್ಟಿತು. ಗೋಣಿಯ ನಾರು ಕಾಣಲಿಲ್ಲ. ಕಟ್ಟಿಗೆಗೆ ಸುತ್ತಿದ್ದು ಹಸಿರು ಅರಿವೆ. ಅಂಚಿನಲ್ಲಿ ಕೆಂಪು ದಡಿ, ನಡುವೆ ಹಳದಿ ಗೆರೆ.

ತನ್ನ ಎಡಗೈಯ ಕಟ್ಟು ನೋಡಿದ. ಮತ್ತೆ ಬೂಚು ನೋಡಿದ. ಅವಳ ಸೆರಗಿನಲ್ಲಿ ಈಗ ಹರಿದದ್ದಲ್ಲದೆ ಇನ್ನೊಂದು ಹಳೆಯ ಹರಕು ಇತ್ತು, ಒಳಗೆ ಮಡಚಿ ಸಿಕ್ಕಿಸಿದ್ದಳು.

ಬೂಚು ಇನ್ನೂ ಗಾಡಿಯ ಕೆಳಗೇ ಇದೆ ಎಂದು ಕರಜಗಿಯ ಮನೆಯಲ್ಲಿದ್ದ ಹೆಂಗಸಿಗೆ ಹೇಗೆ ತಿಳಿಯಿತು ಎಂದು ಬೆಳಿಗ್ಗೆಯೇ ಕೇಳಬೇಕಿತ್ತು. ಇಂಥ ಸರಳ ಪ್ರಶ್ನೆ ಹೊಳೆಯದಿದ್ದಕ್ಕೆ ಅನಂತನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ತಂಗಿ," ಎಂದ. ಒತ್ತಿದ ಗಂಟಲಿನಿಂದ ದನಿ ಸರಿಯಾಗಿ ಹೊರಡಲಿಲ್ಲ. "ಏನಾತು ಅಲ್ಲಿ? ಹೇಳು."

ರತ್ನಾಬಾಯಿ ತಲೆಯಲ್ಲಾಡಿಸಿದಳು. "ಹೇಳೂಹಂಗಿಲ್ರಿ. ಪೋಲೀಸರು ಹಿಡಿಯೂ ಮೊದಲ ನಮ್ಮವರು ಕೊರಳಾಗಿನ ಲಿಂಗದ ಮ್ಯಾಲೆ ಕೈ ಇಡಿಸ್ಯಾರ. ಬಾಯಿ ಬಿಡಬ್ಯಾಡ ಅಂತ ಆಣಿ ಹಾಕ್ಯಾರ. ಅದಕ್ಕ ಬೂಚ್ ನೋಡ್ರಿ ಅಂದೆ, ಅಷ್ಟs." ಅವನ ಎದುರಿಗೆ ಕೂತು ಹೇಳಿದಳು, "ನೀವು ಹೇಳ್ರಿ. ಖರೆ ಇದ್ರ ಹೂಂ ಅಂತೀನಿ."

ಅನಂತ ಗೋಡೆಗೆ ಒರಗಿದ. "ಶೇಟ ರಾಚಪ್ಪನ್ನ ಭಂಡಾರಕವಠೆಗೆ ಕಳಿಸಿ, ಒಬ್ಬನs ಗಾಡಿ ತಗೊಂಡು ನಿನ್ನ ಮನಿಗೆ ಬಂದ."

"ಹೂಂ."

"ನಿನ್ನ ಗಂಡಗ ಏನೋ ಆಗೇದ, ಬಾ ಅಂದ."

"ಹೂಂ."

"ಹಳ್ಳಕ್ಕ ನೀರು ಬಂದಿತ್ತು. ಗಾಡಿ ಸಿಕ್ಕೊಂಡ್ರ ಗಂಡನ್ನ ಮುಟ್ಟೂದು ತಡಾ ಆಗ್ತದ ಅಂತ, ನೀನs ಸೀರಿ ಹರದು, ಕೆಸರಾಗ ಮಲಗಿ ಬೂಚ್ ಹೊಡದಿ."

ಅವಳ ಕಣ್ಣು ತುಂಬಿತು. "ಹೂಂ."

"ಹಳ್ಳ ದಾಟಿದ ಮ್ಯಾಲೆ ಅಂವ ಗಾಡಿ ನಿಲ್ಲಿಸಿದ."

ಹರಿದ ಸೆರಗು ಮೈತುಂಬ ಎಳೆದುಕೊಂಡು ಹೂಂ ಅಂದಳು.

ಅನಂತನಿಗೆ ಮುಂದಿನದು ಕೇಳುವುದು ಬೇಡವಾಗಿತ್ತು. ಗಂಡನನ್ನು ಬಿಡಿಸುತ್ತೇನೆಂದು ಮಾತು ಕೊಟ್ಟಿದ್ದ. ಬಿಡಿಸುವ ಬೂಚು ಕೈಯಲ್ಲಿತ್ತು, ಅದಕ್ಕೆ ಹೆಂಡತಿಯ ಸೀರೆ ಸುತ್ತಿತ್ತು. ಒಬ್ಬರನ್ನು ಉಳಿಸಿದರೆ ಇನ್ನೊಬ್ಬರ ಕೊರಳು ಸಿಕ್ಕುತ್ತದೆ. ಆದರೂ ಕೇಳಿದ.

"ಹ್ಯಾಂಡಲ್ ನೀನs ಎತ್ತಿದ್ಯಾ?"

ರತ್ನಾಬಾಯಿ ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಗ್ಯಾರೇಜಿನ ಬಾಗಿಲಿನತ್ತ ನೋಡಿದಳು.

ಹೊರಗೆ ಪೋಲೀಸ್ ಗಾಡಿ ನಿಂತಿತು. ಫೌಜದಾರ ಅಣ್ಣಾರಾಯ ಟೋಪಿ ಕಂಕುಳಲ್ಲಿ ಹಿಡಿದು, ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ಕತ್ತಲೆಯ ಗ್ಯಾರೇಜಿಗೆ ಅವನ ಕಣ್ಣು ಇನ್ನೂ ಹೊಂದಿರಲಿಲ್ಲ.

"ಗಲಗಲಿ ಸಾಹೇಬ್ರ, ಏಳ್ರಿ, ಬಟ್ಟಿ ಹೊಲಸ ಮಾಡಿಕೊಂಡದ್ದು ಸಾಕು. ಝಾಲಂ ಸಗಳಂ, ಎಲ್ಲಾ ಮುಗೀತು. ರಾಚಪ್ಪ ಕಬೂಲ ಮಾಡ್ಯಾನ. ನಾನs ಕೊಂದೀನಿ ಅಂತ ಪಂಚರ ಮುಂದ ಹೆಬ್ಬಟ್ಟು ಒತ್ತ್ಯಾನ. ನಾಳಿಗೆ ಕೋರ್ಟು."

ರತ್ನಾಬಾಯಿಯ ಕೈ ತನ್ನ ಕೊರಳಿಗೆ ಹೋಯಿತು, ಅಲ್ಲಿದ್ದ ಲಿಂಗದ ಕಾಯಿಯನ್ನು ಬಿಗಿಯಾಗಿ ಹಿಡಿಯಿತು.

ಅಣ್ಣಾರಾಯ ಆಗ ನೆಲದ ಮೇಲೆ ಬಿದ್ದಿದ್ದ ಸಾತಲಿಂಗಪ್ಪನನ್ನು ಕಂಡ. ರಕ್ತ ಕಂಡ. ಅನಂತನ ಎಡಗೈಗೆ ಸುತ್ತಿದ ಹಸಿರು ಅರಿವೆ ಕಂಡ, ಅವಳ ಹರಿದ ಸೆರಗು ಕಂಡ. ಅನಂತ ಬಲಗೈಯ ಮುಷ್ಟಿ ಬಿಗಿಮಾಡಿದ. ಬೂಚು ಅದರೊಳಗಿತ್ತು, ಬೆರಳ ಸಂದಿನಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು.

"ಮುಷ್ಟ್ಯಾಗ ಏನದ?" ಎಂದ ಅಣ್ಣಾರಾಯ.

ಅನಂತ ಮುಷ್ಟಿಯನ್ನು ಎದೆಗೆ ಒತ್ತಿಕೊಂಡ.

ರತ್ನಾಬಾಯಿ ಎದ್ದು ನಿಂತಳು. ಫೌಜದಾರನ ಕಡೆ ತಿರುಗಲೇ ಇಲ್ಲ. ಅನಂತನ ಮುಖವನ್ನೇ ನೋಡುತ್ತ, ಅವನ ಕೊನೆಯ ಪ್ರಶ್ನೆಗೆ ಗ್ಯಾರೇಜಿಗೆಲ್ಲ ಕೇಳಿಸುವ ಹಾಗೆ ಉತ್ತರ ಕೊಟ್ಟಳು.

"ಹೂಂ."

"ಏನ ಹೂಂ?" ಅಣ್ಣಾರಾಯ ಇಬ್ಬರನ್ನೂ ನೋಡಿದ. "ಏನ ಕೇಳಿದ್ರಿ ಈಕಿಗೆ ನೀವು?"

ಅವನ ಕೈ ಅನಂತನ ಮುಷ್ಟಿಯ ಕಡೆಗೆ ಚಾಚಿತು.